ದೂರದ ಗ್ರಹಕ್ಕೆ ಹಳೆಯ ಬಂದೂಕೇ ಏಕೆ? ಬಾಹ್ಯಾಕಾಶ ವೆಸ್ಟರ್ನ್ ಧಾರಾವಾಹಿಗಳ ತಂತ್ರಜ್ಞಾನ ಎಷ್ಟು ನಿಜ

ಕೌಬಾಯ್ ಕಥೆಗಳನ್ನು, ಅಂದರೆ ವೆಸ್ಟರ್ನ್‌ಗಳನ್ನು, ಬಾಹ್ಯಾಕಾಶಕ್ಕೆ ಒಯ್ದ ಅಮೆರಿಕದ ‘ಫೈರ್‌ಫ್ಲೈ’ ಧಾರಾವಾಹಿಯ ಒಂದು ಕಂತಿನಲ್ಲಿ ನಾಯಕನ ಬಾಹ್ಯಾಕಾಶ ಹಡಗು ಕಳ್ಳರು ಒಡ್ಡಿದ ವಿದ್ಯುತ್ ಬಲೆಯತ್ತ ಸಾಗುತ್ತಿರುತ್ತದೆ. ಹಡಗುಗಳನ್ನು ಹಿಡಿದು, ಒಳಗಿದ್ದವರನ್ನು ಕೊಂದು, ಬಿಡಿಭಾಗ ಮಾರಿ ಬದುಕುವವರು ಅವರು. ತಪ್ಪಿಸಿಕೊಳ್ಳಬೇಕೆಂದರೆ ಬಲೆಯ ನಿಯಂತ್ರಣ ಪೆಟ್ಟಿಗೆಯನ್ನು ದೂರದಿಂದಲೇ ಒಡೆಯಬೇಕು. ಹಡಗಿನಲ್ಲಿ ಫಿರಂಗಿ ಇಲ್ಲ. ಇರುವುದೊಂದೇ, ಜೇನ್ ಎಂಬ ಒರಟು ಆಳಿನ ಅಚ್ಚುಮೆಚ್ಚಿನ ಬಂದೂಕು. ಅದಕ್ಕೆ ಅವನು ವೆರಾ ಎಂದು ಹೆಸರಿಟ್ಟಿದ್ದಾನೆ. ಹೊರಗೆ ಗಾಳಿಯಿಲ್ಲ, ಗುಂಡು ಹಾರಲು ಸುತ್ತ ಆಮ್ಲಜನಕ ಬೇಕು ಎಂದುಕೊಂಡು ಅವರು ವೆರಾಳಿಗೆ ಗಗನಯಾತ್ರಿಯ ಉಡುಪು ತೊಡಿಸುತ್ತಾರೆ, ಶಿರಸ್ತ್ರಾಣದ ಗಾಜನ್ನು ಭೇದಿಸಿಕೊಂಡೇ ಗುಂಡು ಹಾರಿಸುತ್ತಾರೆ.

2002ರ ಅಕ್ಟೋಬರಿನಲ್ಲಿ ಪ್ರಸಾರವಾದ ಈ ದೃಶ್ಯ ಸೊಗಸಾಗಿದೆ, ವಿಜ್ಞಾನ ಮಾತ್ರ ತಪ್ಪು. ಬಂದೂಕು ಸುಡುವುದಕ್ಕೆ ಹೊರಗಿನ ಗಾಳಿ ಬೇಕಾಗಿಯೇ ಇಲ್ಲ. ಹಳೆಯ ಕಪ್ಪು ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಉರಿಯುವುದು ಇದ್ದಿಲು ಮತ್ತು ಗಂಧಕ, ಅವುಗಳಿಗೆ ಆಮ್ಲಜನಕ ಒದಗಿಸುವುದು ಪೆಟ್ಲುಪ್ಪು. ಇಂದಿನ ತೋಟಾಗಳಲ್ಲಿ ತುಂಬುವ ನೈಟ್ರೋಸೆಲ್ಯುಲೋಸ್ ಅಂತೂ ಆಮ್ಲಜನಕವನ್ನು ತನ್ನ ಅಣುವಿನಲ್ಲೇ ಕಟ್ಟಿಕೊಂಡಿರುತ್ತದೆ. ಹಿತ್ತಾಳೆಯ ಕೋಶದೊಳಗೆ ಮದ್ದನ್ನು ಒತ್ತಿ, ಬಾಯಿಗೆ ಸೀಸದ ಗುಂಡು ಜಡಿದು ಮುಚ್ಚಿದ ಮೇಲೆ ಒಳಕ್ಕೆ ಹೊರಗಿನ ಗಾಳಿ ಹೋಗುವುದಾದರೂ ಎಲ್ಲಿಂದ? ಮುಚ್ಚಿದ ತೋಟಾ ನೀರಿನಡಿಯಲ್ಲೂ ಸಿಡಿಯುತ್ತದೆ, ಚಂದ್ರನ ಮೇಲೂ ಸಿಡಿಯುತ್ತದೆ.

ಇದನ್ನು ಪ್ರಯೋಗ ಮಾಡಿ ತೋರಿಸಿದವರೂ ಇದ್ದಾರೆ. ಸೋವಿಯತ್ ಒಕ್ಕೂಟ 1974ರ ಜೂನ್‌ನಲ್ಲಿ ಹಾರಿಸಿದ ಸಲ್ಯೂತ್-3 ಎಂಬ ಬಾಹ್ಯಾಕಾಶ ನಿಲ್ದಾಣ ಹೊರಗೆ ನಾಗರಿಕ ನಿಲ್ದಾಣದ ಹೆಸರು ಹೊತ್ತಿದ್ದರೂ ಒಳಗೆ ಸೇನೆಯ ಆಲ್ಮಾಜ್ ಯೋಜನೆಗೆ ಸೇರಿದ್ದು. ಯುದ್ಧವಿಮಾನದ ಫಿರಂಗಿಯೊಂದನ್ನು ಮಾರ್ಪಡಿಸಿ ಅದಕ್ಕೆ ಅಳವಡಿಸಿದ್ದರು. 1975ರ ಜನವರಿಯಲ್ಲಿ, ಒಳಗೆ ಯಾರೂ ಇಲ್ಲದಾಗ, ನಿಲ್ದಾಣವನ್ನು ಕಕ್ಷೆಯಿಂದ ಇಳಿಸುವುದಕ್ಕೆ ಮೊದಲು ಭೂಮಿಯಿಂದ ಆಜ್ಞೆ ಕಳಿಸಿ ಅದನ್ನು ಹಾರಿಸಿದರು. ಅದು ನಿರ್ವಾತದಲ್ಲಿ ಸರಾಗವಾಗಿ ಸಿಡಿಯಿತು.

ಹಾಗಾದರೆ ಬಾಹ್ಯಾಕಾಶದಲ್ಲಿ ಬಂದೂಕಿಗೆ ತೊಡಕೇ ಇಲ್ಲವೇ? ಇದೆ, ಆದರೆ ಬೇರೆ ಕಡೆ. ಮೊದಲನೆಯದು ಹಿನ್ನೂಕು. ಹರಿಗೋಲಿನಿಂದ ದಡಕ್ಕೆ ಜಿಗಿದರೆ ಹರಿಗೋಲು ಹಿಂದಕ್ಕೆ ಸರಿಯುವಂತೆ, ಗುಂಡು ಮುಂದೆ ಹೋದಷ್ಟೂ ಹಾರಿಸಿದವನು ಹಿಂದೆ ಹೋಗಬೇಕು. ನೆಲದ ಮೇಲೆ ಈ ನೂಕನ್ನು ನಮ್ಮ ಪಾದ ಭೂಮಿಗೆ ದಾಟಿಸಿಬಿಡುತ್ತದೆ, ನಿರ್ವಾತದಲ್ಲಿ ತೇಲುವವನ ಕಾಲ ಕೆಳಗೆ ಏನೂ ಇಲ್ಲ. ಲೆಕ್ಕ ಸುಲಭ. ಹಳೆಯ ಕೋಲ್ಟ್ ರಿವಾಲ್ವರಿನ ಗುಂಡು ಸುಮಾರು 16 ಗ್ರಾಂ ತೂಗುತ್ತದೆ, ವೇಗ ಸೆಕೆಂಡಿಗೆ 260 ಮೀಟರ್ ಆಸುಪಾಸು. ಉಡುಪು ಸೇರಿ 200 ಕಿಲೋ ತೂಗುವ ಗಗನಯಾತ್ರಿ ಒಂದು ಗುಂಡು ಹಾರಿಸಿದರೆ ಸೆಕೆಂಡಿಗೆ ಎರಡು ಸೆಂಟಿಮೀಟರ್ ವೇಗದಲ್ಲಿ ಹಿಂದೆ ತೇಲತೊಡಗುತ್ತಾನೆ. ಸಿನಿಮಾಗಳಲ್ಲಿ ಕಾಣುವಂತೆ ಚಿಮ್ಮಿ ಹೋಗುವುದಿಲ್ಲ. ಆದರೆ ಕೈ ಚಾಚಿ ಭುಜದ ಎತ್ತರದಲ್ಲಿ ಹಿಡಿದು ಹಾರಿಸಿದರೆ ನೂಕು ದೇಹದ ನಡುವಿಗೆ ತಾಗದೆ ಮೇಲ್ಭಾಗಕ್ಕೆ ತಾಗುತ್ತದೆ, ಮನುಷ್ಯ ನಿಧಾನವಾಗಿ ಉರುಳತೊಡಗುತ್ತಾನೆ. ಅಂದಾಜಿನಲ್ಲಿ ಒಂದೂವರೆ ಎರಡು ನಿಮಿಷಕ್ಕೊಂದು ಸುತ್ತು. ಎರಡನೆಯ ಗುಂಡಿಗೆ ಗುರಿ ಹಿಡಿಯುವುದು ಕಷ್ಟವಾಗುವುದು ಈ ಉರುಳಾಟದಿಂದ.

ಜಪಾನಿನ ಅನಿಮೇಷನ್ ಧಾರಾವಾಹಿ ‘ಕೌಬಾಯ್ ಬೀಬಾಪ್’ ಇದನ್ನು ಸರಿಯಾಗಿ ಗ್ರಹಿಸಿತ್ತು. 1998ರಲ್ಲಿ ಆರಂಭವಾದ ಅದರ ಒಂದು ಕಂತಿನಲ್ಲಿ ನಾಯಕ ಸ್ಪೈಕ್ ನಿರ್ವಾತದಲ್ಲಿ ದಿಕ್ಕು ಬದಲಿಸಲು ಪಿಸ್ತೂಲನ್ನೇ ನೂಕುಯಂತ್ರದಂತೆ ಬಳಸುತ್ತಾನೆ. ಅಲ್ಲಿ ಕಾಣುವ ವೇಗ ನಿಜಕ್ಕಿಂತ ಹೆಚ್ಚು, ತತ್ವ ಮಾತ್ರ ಸರಿಯಾದದ್ದೇ.

ಎರಡನೆಯದು ಲೋಹದ ಸಮಸ್ಯೆ, ತೆರೆಯ ಮೇಲೆ ಎಂದೂ ಕಾಣದ್ದು. ಬಂದೂಕಿನ ಒಳಭಾಗಗಳು ಒಂದರ ಮೇಲೊಂದು ಜಾರುವುದು ಎಣ್ಣೆಯಿಂದ. ನಿರ್ವಾತದಲ್ಲಿ ಸಾಮಾನ್ಯ ಎಣ್ಣೆ ಆವಿಯಾಗಿ ಹೋಗುತ್ತದೆ. ಗಾಳಿಯಲ್ಲಿ ಲೋಹದ ಮೈಮೇಲೆ ತಾನಾಗಿ ಕೂರುವ ಆಕ್ಸೈಡ್ ಪದರವೂ ಒಮ್ಮೆ ಉಜ್ಜಿ ಹೋದರೆ ಅಲ್ಲಿ ಮತ್ತೆ ಕೂರುವುದಿಲ್ಲ. ಆಗ ಲೋಹಕ್ಕೆ ಲೋಹ ಕಚ್ಚಿಕೊಳ್ಳುತ್ತದೆ. 1991ರಲ್ಲಿ ಗುರುಗ್ರಹದತ್ತ ಹೊರಟಿದ್ದ ಗೆಲಿಲಿಯೋ ನೌಕೆಯ ದೊಡ್ಡ ಆಂಟೆನಾ ಕೊಡೆಯಂತೆ ಬಿಚ್ಚಿಕೊಳ್ಳದೆ ಅರ್ಧದಲ್ಲೇ ನಿಂತದ್ದಕ್ಕೆ ತಜ್ಞರು ಕೊಟ್ಟ ಕಾರಣವೂ ಇದೇ ಬಗೆಯದು. ಜಾರುಪದರ ಸವೆದುಹೋಗಿ ಕಡ್ಡಿಗಳು ಸಿಕ್ಕಿಕೊಂಡಿದ್ದವು. ಬಾಹ್ಯಾಕಾಶದ ಬಂದೂಕು ಕೈಕೊಟ್ಟರೆ ಆಮ್ಲಜನಕವಿಲ್ಲದೆ ಕೈಕೊಡುವುದಿಲ್ಲ, ಎಣ್ಣೆಯಿಲ್ಲದೆ ಕೈಕೊಡುತ್ತದೆ.

ಟಿವಿಯ ಕಪಾಟಿನಿಂದ ಬಂದ ಬಂದೂಕು

ಮುಂದಿನ ಶತಮಾನಗಳ ಕಥೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಬಂದೂಕು ಸೇರಿದ್ದಕ್ಕೆ ಮೊದಲ ಕಾರಣ ಹಣ ಮತ್ತು ಅಭ್ಯಾಸ. 1950–60ರ ದಶಕದ ಅಮೆರಿಕದ ಟಿವಿಯಲ್ಲಿ ವೆಸ್ಟರ್ನ್‌ಗಳದೇ ರಾಜ್ಯಭಾರ. ಸ್ಟುಡಿಯೋಗಳ ಗೋದಾಮಿನಲ್ಲಿ ಟೋಪಿ, ಜೀನು, ರಿವಾಲ್ವರ್ ತುಂಬಿದ್ದವು, ಹಿತ್ತಲಿನಲ್ಲಿ ಮರದ ಹಲಗೆಯ ಊರುಗಳೇ ನಿಂತಿದ್ದವು. 1964ರಲ್ಲಿ ಜೀನ್ ರಾಡನ್‌ಬೆರಿ ‘ಸ್ಟಾರ್ ಟ್ರೆಕ್’ ಕಲ್ಪನೆಯನ್ನು ಟಿವಿಯವರಿಗೆ ಒಪ್ಪಿಸುವಾಗ, ಆಗ ಜನಪ್ರಿಯವಾಗಿದ್ದ ‘ವ್ಯಾಗನ್ ಟ್ರೇನ್’ ವೆಸ್ಟರ್ನ್ ನಕ್ಷತ್ರಗಳಿಗೆ ಹೊರಟಂತೆ ಎಂದು ಬಣ್ಣಿಸಿದ್ದು ಅದಕ್ಕೇ.

‘ಫೈರ್‌ಫ್ಲೈ’ಯ ಜೋಯಿ ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಕುಳ್ಳ ರೈಫಲ್‌ಗೆ ಇಂಥದ್ದೇ ವಂಶಾವಳಿಯಿದೆ. ಅದಕ್ಕೆ ‘ಮೇರ್ಸ್ ಲೆಗ್’ ಎಂಬ ಹೆಸರು. 1958ರಿಂದ 1961ರವರೆಗೆ ಪ್ರಸಾರವಾದ ‘ವಾಂಟೆಡ್: ಡೆಡ್ ಆರ್ ಅಲೈವ್’ ಎಂಬ ವೆಸ್ಟರ್ನ್‌ನಲ್ಲಿ ನಟ ಸ್ಟೀವ್ ಮೆಕ್ವೀನ್ ಕೈಗೆ ಕೊಡಲೆಂದು ವಿಂಚೆಸ್ಟರ್ 1892 ರೈಫಲ್ಲಿನ ನಳಿಕೆ ಮತ್ತು ಹಿಡಿಯನ್ನು ಕೊಯ್ದು ಇದನ್ನು ಮೊದಲು ಮಾಡಿದರು. ಕಥೆ ನಡೆಯುವುದು 1870ರ ದಶಕದಲ್ಲಿ, ಬಂದೂಕು ಹುಟ್ಟಿದ್ದು 1892ರಲ್ಲಿ! ಇನ್ನೂ ಒಂದು ಮೋಜು ನೋಡಿ. ಆ ರೈಫಲ್ ಹಾರಿಸುತ್ತಿದ್ದದ್ದು ಸಣ್ಣ ತೋಟಾ, ನಾಯಕನ ಬೆಲ್ಟಿನಲ್ಲಿ ಸಾಲಾಗಿ ಮಿರುಗುತ್ತಿದ್ದದ್ದು ಆ ಬಂದೂಕಿಗೆ ಹಿಡಿಯದ ದೊಡ್ಡ ತೋಟಾ. ನೋಡಲು ಗಂಭೀರವಾಗಿರಲಿ ಎಂದು ಹಾಗೆ ಮಾಡಿದ್ದರು. ನೆಲದ ಮೇಲಿನ ವೆಸ್ಟರ್ನ್ ಕೂಡ ತನ್ನ ಕಾಲಕ್ಕೆ ನಿಷ್ಠವಾಗಿರಲಿಲ್ಲ ಎಂಬುದನ್ನು ನೆನಪಿಟ್ಟರೆ ಬಾಹ್ಯಾಕಾಶದ ವೆಸ್ಟರ್ನ್ ಮೇಲೆ ನಾವು ಹೇರುವ ನಿಯಮಗಳು ಸ್ವಲ್ಪ ಸಡಿಲವಾಗಬಹುದು. ಜೋಯಿ ಹಿಡಿದ ಆ ರಂಗಪರಿಕರ ಅದಕ್ಕೂ ಮೊದಲು 1993ರ ‘ಬ್ರಿಸ್ಕೋ ಕೌಂಟಿ’ ಎಂಬ ಇನ್ನೊಂದು ವೆಸ್ಟರ್ನ್‌ನಲ್ಲಿ ಕಾಣಿಸಿಕೊಂಡಿತ್ತು. ನಾಯಕ ಮ್ಯಾಲ್ ರೆನಾಲ್ಡ್ಸ್‌ನ ಪಿಸ್ತೂಲಿನ ಒಳಗಿದ್ದದ್ದು ಟಾರಸ್ ಕಂಪನಿಯ ಸಾಧಾರಣ ರಿವಾಲ್ವರ್, ಅದರ ಮೇಲೆ ಹಿತ್ತಾಳೆ ಬಣ್ಣದ ಕವಚ ಕೂರಿಸಿದ್ದರು. ವೆರಾಳ ಹೊಟ್ಟೆಯಲ್ಲಿದ್ದದ್ದು ರಷ್ಯಾದ ಸೈಗಾ ಶಾಟ್‌ಗನ್.

‘ಸ್ಟಾರ್ ವಾರ್ಸ್’ ಲೋಕವೂ ಇದೇ ದಾರಿ ಹಿಡಿದಿತ್ತು. 1977ರ ಚಿತ್ರದಲ್ಲಿ ಹ್ಯಾನ್ ಸೋಲೋ ಹಿಡಿದದ್ದು ಹಳೆಯ ಜರ್ಮನ್ ಮೌಸರ್ ಪಿಸ್ತೂಲಿಗೆ ದುರ್ಬೀನು ಕಟ್ಟಿದ ರೂಪ. 2019ರಲ್ಲಿ ಬಂದ ‘ದಿ ಮ್ಯಾಂಡಲೋರಿಯನ್’ ಧಾರಾವಾಹಿಯ ನಾಯಕನ ಸೊಂಟದ ಆಯುಧವೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಬರ್ಗ್‌ಮನ್ ಪಿಸ್ತೂಲಿನ ಮೈಕಟ್ಟನ್ನು ಅನುಸರಿಸಿದೆ. ಆದರೆ ಎರಡೂ ಕಡೆ ನಳಿಕೆಯಿಂದ ಬರುವುದು ಬೆಳಕಿನ ಉಂಡೆ, ಅದೂ ಕಣ್ಣಿಗೆ ಕಾಣುವಷ್ಟು ನಿಧಾನವಾಗಿ. ಹೊರರೂಪ ಹಳೆಯದು, ಕೆಲಸ ಮಾಡುವ ಬಗೆ ಕಾಲ್ಪನಿಕ. ಹಾಗಾಗಿ ತಂತ್ರಜ್ಞಾನದ ಚರ್ಚೆಗೆ ‘ಫೈರ್‌ಫ್ಲೈ’ಯೇ ಹೆಚ್ಚು ಒದಗುತ್ತದೆ.

ಗಡಿನಾಡಿಗೆ ಸರಕು ಹೇಗೆ ಬರುತ್ತದೆ

2517ರಲ್ಲಿ ನಡೆಯುವ ‘ಫೈರ್‌ಫ್ಲೈ’ಯ ಲೋಕದಲ್ಲಿ ನಡುಭಾಗದ ಗ್ರಹಗಳು ಶ್ರೀಮಂತ, ಅಂಚಿನ ಗ್ರಹ-ಉಪಗ್ರಹಗಳು ಬಡವು. ನಡುಭಾಗದ ಸೈನಿಕರ ಕೈಯಲ್ಲಿ ಶಬ್ದದಲೆಯಿಂದ ಕೆಡವುವ ಆಯುಧ, ಆಸ್ಪತ್ರೆಗಳಲ್ಲಿ ಚಕಿತಗೊಳಿಸುವ ಯಂತ್ರ. ಅಂಚಿನಲ್ಲಿ ಧೂಳು, ದನ, ಸೀಸದ ಗುಂಡು. ಈ ಅಸಮತೆಯನ್ನು ಹಲವರು ನಂಬಲಾಗದ್ದೆಂದು ಟೀಕಿಸಿದ್ದಾರೆ. ಗ್ರಹದಿಂದ ಗ್ರಹಕ್ಕೆ ಹಾರಬಲ್ಲವರು ಕುದುರೆ ಏರುವುದೇಕೆ ಎಂಬುದು ಅವರ ಪ್ರಶ್ನೆ. ನನಗೆ ಇಡೀ ಧಾರಾವಾಹಿಯಲ್ಲಿ ಅತ್ಯಂತ ನಿಜವೆನ್ನಿಸುವುದು ಇದೇ ಸಂಗತಿ. ಒಂದು ಯಂತ್ರ ಎಷ್ಟು ಹೊಸದು ಎಂಬುದಕ್ಕಿಂತ, ಅದು ಕೆಟ್ಟಾಗ ಸರಿಮಾಡುವ ಕೈ ಮತ್ತು ಅದಕ್ಕೆ ಉಣಿಸುವ ಸರಕು ಎಷ್ಟು ದೂರದಲ್ಲಿದೆ ಎಂಬುದೇ ಗಡಿನಾಡಿನಲ್ಲಿ ಮುಖ್ಯವಾಗುತ್ತದೆ.

ನಿಜವಾದ ಅಮೆರಿಕದ ಪಶ್ಚಿಮವನ್ನೇ ನೋಡೋಣ. ಕೌಬಾಯ್‌ನ ರಿವಾಲ್ವರ್ ಹಳ್ಳಿ ಕಮ್ಮಾರ ಬಡಿದು ಮಾಡಿದ್ದಲ್ಲ. ಕೋಲ್ಟ್ ತಯಾರಾಗುತ್ತಿದ್ದದ್ದು ಹಾರ್ಟ್‌ಫರ್ಡ್‌ನಲ್ಲಿ, ವಿಂಚೆಸ್ಟರ್ ತಯಾರಾಗುತ್ತಿದ್ದದ್ದು ನ್ಯೂ ಹೇವನ್‌ನಲ್ಲಿ. ಎರಡೂ ಪೂರ್ವ ಕರಾವಳಿಯ ಕನೆಕ್ಟಿಕಟ್ ರಾಜ್ಯದ ಊರುಗಳು, ಯಂತ್ರಗಳು ಒಂದೇ ಅಳತೆಯ ಬಿಡಿಭಾಗಗಳನ್ನು ಸಾವಿರಗಟ್ಟಲೆ ಕೊರೆಯುತ್ತಿದ್ದ, ಆ ಕಾಲಕ್ಕೆ ಅತ್ಯಾಧುನಿಕವಾದ ಕಾರ್ಖಾನೆಗಳು ಅಲ್ಲಿದ್ದವು. ಅಲ್ಲಿಂದ ಬಂದೂಕು ರೈಲಿನಲ್ಲಿ, ಗಾಡಿಯಲ್ಲಿ, ಕೊನೆಗೆ ಕುದುರೆಯ ಬೆನ್ನ ಮೇಲೆ ಪಶ್ಚಿಮಕ್ಕೆ ಬರುತ್ತಿತ್ತು. ಖಂಡದ ಎರಡು ತುದಿಗಳನ್ನು ಸೇರಿಸಿದ ರೈಲುಹಳಿ ಮುಗಿದದ್ದು 1869ರ ಮೇ 10ರಂದು, ತಂತಿ ಅದಕ್ಕೂ ಮೊದಲೇ 1861ರಲ್ಲಿ ಖಂಡ ದಾಟಿತ್ತು. ತಂತಿ ಕಂಬದ ಕೆಳಗೆ ಎತ್ತಿನ ಗಾಡಿ ಸಾಗುತ್ತಿದ್ದ ಲೋಕ ಅದು.

ವಿಂಚೆಸ್ಟರ್ 1873 ರೈಫಲ್ .44-40 ಎಂಬ ತೋಟಾ ಬಳಸುತ್ತಿತ್ತು. ಕೆಲವೇ ವರ್ಷಗಳಲ್ಲಿ ಕೋಲ್ಟ್ ಕಂಪನಿಯೂ ಅದೇ ತೋಟಾ ಹಿಡಿಯುವ ರಿವಾಲ್ವರ್ ತಂದಿತು. ಹೆಗಲ ಬಂದೂಕಿಗೂ ಸೊಂಟದ ಪಿಸ್ತೂಲಿಗೂ ಒಂದೇ ತೋಟಾ, ಬೆಲ್ಟ್ ಒಂದೇ, ಅಂಗಡಿಯಲ್ಲಿ ಕೇಳಬೇಕಾದ ಪೆಟ್ಟಿಗೆ ಒಂದೇ. ವಾರಗಟ್ಟಲೆ ದೂರದಲ್ಲಿ ಅಂಗಡಿಯಿರುವವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಇರಲಿಲ್ಲ. ಖಾಲಿಯಾದ ಹಿತ್ತಾಳೆ ಕೋಶವನ್ನು ಎತ್ತಿಟ್ಟುಕೊಂಡು, ಸೀಸ ಕರಗಿಸಿ ಅಚ್ಚಿಗೆ ಹುಯ್ದು, ಮದ್ದು ತುಂಬಿ ಮತ್ತೆ ತೋಟಾ ಮಾಡುವ ಕೈ ಉಪಕರಣಗಳೂ ಸಿಗುತ್ತಿದ್ದವು. ಬಾಹ್ಯಾಕಾಶದ ಕಥೆ ಬರೆಯುವವರು ಬಂದೂಕಿನ ರೂಪಕ್ಕಿಂತ ಮೊದಲು ಯೋಚಿಸಬೇಕಾದದ್ದು ಇಂಥ ವಿವರಗಳನ್ನು.

ಹಳೆಯದು-ಹೊಸದರ ಹಂಚಿಕೆ ನಾವು ಊಹಿಸಿದಂತೆ ಇರುತ್ತದೆ ಎಂದೂ ತಿಳಿಯಬೇಕಿಲ್ಲ. 1876ರ ಜೂನ್‌ನಲ್ಲಿ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಲೆಫ್ಟಿನೆಂಟ್ ಕರ್ನಲ್ ಕಸ್ಟರ್‌ನ ಸೈನಿಕರು ಮೂಲನಿವಾಸಿಗಳಾದ ಲಕೋಟ ಮತ್ತು ಶಯೆನ್ ಯೋಧರ ಎದುರು ಸೋತು ಸತ್ತರು. ಸರಕಾರದ ಸೈನಿಕರ ಕೈಯಲ್ಲಿದ್ದದ್ದು ಒಂದು ಸಲಕ್ಕೆ ಒಂದೇ ತೋಟಾ ತುಂಬುವ ಸ್ಪ್ರಿಂಗ್‌ಫೀಲ್ಡ್ ಬಂದೂಕು. ಎದುರಾಳಿಗಳಲ್ಲಿ ಹಲವರ ಬಳಿ ಒಂದರ ಹಿಂದೊಂದು ಹಾರಿಸಬಲ್ಲ ಹೆನ್ರಿ ಮತ್ತು ವಿಂಚೆಸ್ಟರ್ ರೈಫಲ್‌ಗಳಿದ್ದವು. 1983ರಲ್ಲಿ ಅಲ್ಲಿ ಹುಲ್ಲುಗಾವಲಿಗೆ ಬೆಂಕಿ ಬಿದ್ದ ನಂತರ ಪುರಾತತ್ವಜ್ಞರು ನೆಲ ಶೋಧಿಸಿ ಹೆಕ್ಕಿದ ಕೋಶಗಳು ಇದನ್ನು ದೃಢಪಡಿಸಿವೆ. ಬಾಹ್ಯಾಕಾಶ ವೆಸ್ಟರ್ನ್‌ಗಳು ಇಂಥ ತಿರುವನ್ನು ಹೆಚ್ಚಾಗಿ ಬಳಸಿಕೊಂಡಿಲ್ಲ ಎಂಬುದು ನನ್ನ ದೂರು. ಅವುಗಳಲ್ಲಿ ಸಾಮ್ರಾಜ್ಯದ ಕೈಯಲ್ಲಿ ಸದಾ ಹೊಸದು, ಬಡವನ ಕೈಯಲ್ಲಿ ಸದಾ ಹಳೆಯದು.

ಲೇಸರ್ ಏಕೆ ಜೇಬಿಗಿಳಿಯುವುದಿಲ್ಲ

‘ಫೈರ್‌ಫ್ಲೈ’ಯ ಒಂದು ಕಂತಿನಲ್ಲಿ ಊರಿನ ಜಮೀನ್ದಾರನ ಬಳಿ ಲೇಸರ್ ಪಿಸ್ತೂಲಿದೆ. ಶ್ರೀಮಂತಿಕೆಯ ಗುರುತಾಗಿ ಅದನ್ನು ಮೆರೆಸುತ್ತಾನೆ. ಕೊನೆಯ ಹೊಡೆದಾಟದಲ್ಲಿ ಬ್ಯಾಟರಿ ಮುಗಿಯುತ್ತದೆ, ಆಯುಧ ಕೈಯಲ್ಲಿ ತಣ್ಣಗೆ ಕೂರುತ್ತದೆ. ಇದು ಎಷ್ಟು ಸರಿ?

ಅಂದಾಜಿಗೆ ಒಂದು ಲೆಕ್ಕ. ಒಂದು ಹೊಡೆತಕ್ಕೆ 10 ಕಿಲೋಜೂಲ್ ಬೆಳಕು ಚೆಲ್ಲುವ ಕೈ ಲೇಸರ್ ಇದೆ ಎಂದುಕೊಳ್ಳೋಣ. ಬ್ಯಾಟರಿಯ ಶಕ್ತಿಯಲ್ಲಿ ಮೂರನೆಯ ಒಂದು ಭಾಗ ಬೆಳಕಾದರೆ ಪ್ರತಿ ಹೊಡೆತಕ್ಕೆ 30 ಕಿಲೋಜೂಲ್ ಬೇಕು. ಇಂದಿನ ಒಳ್ಳೆಯ ಲಿಥಿಯಂ ಬ್ಯಾಟರಿ ಕಿಲೋಗೆ ಸುಮಾರು 900 ಕಿಲೋಜೂಲ್ ಹಿಡಿದಿಡುತ್ತದೆ. ಅಂದರೆ ಒಂದು ಕಿಲೋ ಬ್ಯಾಟರಿಗೆ 30 ಹೊಡೆತ. ಕೇಳಲು ಪರವಾಗಿಲ್ಲ ಅನ್ನಿಸುತ್ತದೆ. ತೊಡಕಿರುವುದು ಉಳಿದ 20 ಕಿಲೋಜೂಲ್‌ನಲ್ಲಿ, ಅದು ಶಾಖವಾಗಿ ಆಯುಧದೊಳಗೇ ಉಳಿಯುತ್ತದೆ. ಒಂದು ಕಿಲೋ ಅಲ್ಯೂಮಿನಿಯಂ ಮೈಯನ್ನು ಪ್ರತಿ ಹೊಡೆತವೂ 20 ಡಿಗ್ರಿಗಿಂತ ಹೆಚ್ಚು ಬಿಸಿ ಮಾಡುತ್ತದೆ. ಹತ್ತು ಹೊಡೆತಕ್ಕೆ ಕೈಯಲ್ಲಿ ಹಿಡಿಯುವುದು ಅಸಾಧ್ಯ. ನಿರ್ವಾತದಲ್ಲಿ ಬೀಸುವ ಗಾಳಿಯೂ ಇಲ್ಲದ್ದರಿಂದ ಶಾಖ ವಿಕಿರಣವಾಗಿ ಮಾತ್ರ ಹೊರಹೋಗಬೇಕು, ಅದು ಬಹಳ ನಿಧಾನ. ಬಂದೂಕು ಈ ವಿಷಯದಲ್ಲಿ ಜಾಣ. ಅದರ ಶಾಖದ ದೊಡ್ಡ ಪಾಲು ಬಿಸಿ ಅನಿಲದ ಜೊತೆ ನಳಿಕೆಯಿಂದ ಹಾರಿಹೋಗುತ್ತದೆ, ಹೊರಚಿಮ್ಮುವ ಕೋಶವೂ ಒಂದಿಷ್ಟು ಹೊತ್ತೊಯ್ಯುತ್ತದೆ.

ನಿಜಲೋಕದ ಲೇಸರ್ ಆಯುಧಗಳ ಗಾತ್ರ ನೋಡಿದರೆ ಇದು ಇನ್ನೂ ಸ್ಪಷ್ಟ. ಅಮೆರಿಕದ ನೌಕಾಪಡೆ 2014ರಲ್ಲಿ ಯುಎಸ್‌ಎಸ್ ಪೋನ್ಸ್ ಹಡಗಿನ ಮೇಲೆ ನಿಲ್ಲಿಸಿದ್ದು 30 ಕಿಲೋವ್ಯಾಟ್ ದರ್ಜೆಯದು. ನಮ್ಮ ಡಿಆರ್‌ಡಿಒ 2025ರ ಏಪ್ರಿಲ್‌ನಲ್ಲಿ ಕರ್ನೂಲಿನ ಬಯಲಿನಲ್ಲಿ ಡ್ರೋನ್‌ಗಳನ್ನು ಕೆಡವಿ ತೋರಿಸಿದ ಲೇಸರ್ ಕೂಡ ಅಷ್ಟೇ ಶಕ್ತಿಯದು, ಅದು ಲಾರಿಯ ಮೇಲೆ ಕೂತಿದೆ. ಶತಮಾನಗಳ ನಂತರ ಅದು ಅಂಗೈಗೆ ಇಳಿದರೂ ಬೇಕಾಗುವುದು ಚಾರ್ಜ್ ಮಾಡುವ ವಿದ್ಯುತ್, ಗೀರು ಬೀಳದ ಮಸೂರ, ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ಜೋಡಿಸುವ ತಂತ್ರಜ್ಞ. ದನ ಕಾಯುವ ಉಪಗ್ರಹವೊಂದರಲ್ಲಿ ಮೂರೂ ಸಿಗಬೇಕು.

ಗುಂಡು ಹಡಗಿನ ಗೋಡೆಗೆ ತಗುಲಿದರೆ? ಗೋಡೆ ಸಿಡಿದು ಎಲ್ಲರೂ ಹೊರಗೆ ಹೀರಲ್ಪಡುತ್ತಾರೆ ಎಂಬುದು ತೆರೆಯ ಮೇಲಿನ ರೂಢಿ. ಲೆಕ್ಕ ಹಾಗೆ ಹೇಳುವುದಿಲ್ಲ. 300 ಘನಮೀಟರ್ ಒಳಜಾಗದ ಹಡಗಿನಲ್ಲಿ ಸುಮಾರು 360 ಕಿಲೋ ಗಾಳಿಯಿರುತ್ತದೆ. 11 ಮಿಲಿಮೀಟರ್ ತೂತಿನಿಂದ ಸೆಕೆಂಡಿಗೆ ಸೋರುವುದು 20 ಗ್ರಾಂ ಚಿಲ್ಲರೆ. ಒತ್ತಡ ಅರ್ಧಕ್ಕಿಳಿಯಲು ಮೂರು ಗಂಟೆ ಹಿಡಿಯುತ್ತದೆ. 2018ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಅಂಟಿಕೊಂಡಿದ್ದ ಸೋಯೂಜ್ ನೌಕೆಯಲ್ಲಿ ಸುಮಾರು 2 ಮಿಲಿಮೀಟರ್ ತೂತು ಕಂಡಾಗ ಗಗನಯಾತ್ರಿಗಳು ಮೊದಲು ಟೇಪು ಅಂಟಿಸಿ, ಆಮೇಲೆ ಎಪಾಕ್ಸಿ ಅಂಟು ಮೆತ್ತಿ ಮುಚ್ಚಿದರು. ಗುಂಡಿನಿಂದ ನಿಜವಾದ ಅಪಾಯ ಗೋಡೆಯ ಹಿಂದೆ ಹಾದುಹೋಗುವ ವಿದ್ಯುತ್ ತಂತಿ, ತಣಿಸುವ ದ್ರವದ ಕೊಳವೆ, ಆಮ್ಲಜನಕದ ತೊಟ್ಟಿಗಳಿಗೆ.

ಹಳೆಯದನ್ನೇ ನಂಬುವ ಬಾಹ್ಯಾಕಾಶ

ಬಾಹ್ಯಾಕಾಶವೆಂದರೆ ಎಲ್ಲವೂ ಹೊಚ್ಚ ಹೊಸದು ಎಂಬ ಕಲ್ಪನೆಯೇ ದೂರದಿಂದ ನೋಡುವವರದ್ದು. 2021ರಲ್ಲಿ ಮಂಗಳದ ಮೇಲೆ ಇಳಿದ ಪರ್ಸಿವಿಯರೆನ್ಸ್ ರೋವರಿನ ಮುಖ್ಯ ಕಂಪ್ಯೂಟರ್ 1997ರ ಪವರ್‌ಪಿಸಿ ಚಿಪ್ಪಿನ ವಿಕಿರಣ ತಡೆಯುವ ರೂಪ. ಇಸ್ರೋದ ರಾಕೆಟ್‌ಗಳನ್ನು ನಡೆಸುವ 16 ಬಿಟ್‌ನ ವಿಕ್ರಮ್ 1601 ಚಿಪ್ಪು 2009ರಿಂದ ಕೆಲಸದಲ್ಲಿದೆ, ಅದರ ಮುಂದಿನ 32 ಬಿಟ್‌ನ ರೂಪ ಹೊರಬಂದದ್ದು 2025ರಲ್ಲಿ. ನಮ್ಮ ಜೇಬಿನ ಮೊಬೈಲುಗಳ ಮುಂದೆ ಇವು ನಿಧಾನ. ಆದರೆ ಏನಾದಾಗ ಹೇಗೆ ಕೆಡುತ್ತವೆ ಎಂದು ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿರುವ ಯಂತ್ರಗಳು ಇವು. 1967ರಲ್ಲಿ ಮೊದಲು ಮನುಷ್ಯನನ್ನು ಹೊತ್ತ ಸೋಯೂಜ್ ವಿನ್ಯಾಸ ತಿದ್ದುಪಡಿಗಳೊಂದಿಗೆ ಇಂದಿಗೂ ಹಾರುತ್ತಿದೆ.

ಅದೇ ಸೋಯೂಜ್‌ನಲ್ಲಿ ಬಂದೂಕೂ ಇತ್ತು. 1965ರ ಮಾರ್ಚ್‌ನಲ್ಲಿ ವೊಸ್ಖೋದ್-2ರಲ್ಲಿ ಹೋಗಿದ್ದ ಅಲೆಕ್ಸೀ ಲಿಯೊನೊವ್ ಮತ್ತು ಪಾವೆಲ್ ಬೆಲ್ಯಾಯೆವ್ ಗುರಿ ತಪ್ಪಿ ಉರಲ್ ಪ್ರದೇಶದ ಹಿಮ ತುಂಬಿದ ಕಾಡಿನಲ್ಲಿ ಇಳಿದರು. ತೋಳ, ಕರಡಿಗಳ ನೆಲ ಅದು. ಲಿಯೊನೊವ್ ಮುಂದೆ ಸರಿಯಾದ ಕಾಡು ಬಂದೂಕು ಬೇಕೆಂದು ಒತ್ತಾಯಿಸಿದರು. ಹಾಗೆ ಬಂದದ್ದು ಟಿಪಿ-82. ಮೂರು ನಳಿಕೆ, ಎರಡು ಚೆರೆ ಹಾರಿಸುವುದಕ್ಕೆ, ಒಂದು ರೈಫಲ್ ಗುಂಡಿಗೆ. ಹಿಡಿಯನ್ನು ಕಳಚಿದರೆ ಮಚ್ಚು. 1980ರ ದಶಕದಿಂದ 2007ರ ಹೊತ್ತಿನವರೆಗೆ ಅದು ಗಗನಯಾತ್ರಿಗಳ ಜೊತೆ ಕಕ್ಷೆಗೆ ಹೋಗಿ ಬಂತು. ಕೊನೆಗೆ ಅದನ್ನು ನಿಲ್ಲಿಸಿದ ಕಾರಣ ಅದರ ತೋಟಾಗಳ ದಾಸ್ತಾನು ಹಳತಾಗಿ ಬಳಕೆಯ ಅವಧಿ ಮುಗಿದದ್ದು. ಕಥೆಗಾರರು ಹೆಣೆದ ಎಲ್ಲ ಆಯುಧಗಳಿಗಿಂತಲೂ ಟಿಪಿ-82 ನನ್ನನ್ನು ಹಿಡಿದಿಡುತ್ತದೆ. ಬಾಹ್ಯಾಕಾಶದಿಂದ ಬಂದವನು ಕಾಡಿನಲ್ಲಿ ಕಟ್ಟಿಗೆ ಕಡಿದು, ಬೆಂಕಿ ಹಚ್ಚಿ, ಪ್ರಾಣಿಯನ್ನು ಬೆದರಿಸಿ ಬದುಕಬೇಕಾದ ಸ್ಥಿತಿ ನಿಜವಾಗಿ ಬಂದಿತ್ತು, ಅದಕ್ಕೆ ಬೇಕಾದ ಉಪಕರಣವೂ ನಿಜವಾಗಿ ತಯಾರಾಯಿತು.

ಕುದುರೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕುದುರೆ ಹುಲ್ಲಿನಲ್ಲಿ ಓಡುತ್ತದೆ, ಸಣ್ಣ ಗಾಯ ತಾನೇ ಮಾಯಿಸಿಕೊಳ್ಳುತ್ತದೆ, ಮರಿ ಹಾಕಿ ತನ್ನ ಬದಲಿಯನ್ನು ತಾನೇ ತಯಾರಿಸುತ್ತದೆ. ಹುಲ್ಲು ಬೆಳೆಯುವ ಗ್ರಹ ಸಿಕ್ಕಿತೆಂದರೆ ಟೈರು ಸಿಗದ ಊರಿನಲ್ಲಿ ಜೀಪಿಗಿಂತ ಅದು ಮೇಲು. ಹುಲ್ಲು ಬೆಳೆಯುವ ಅಷ್ಟೊಂದು ಗ್ರಹ-ಉಪಗ್ರಹಗಳು ಒಂದೇ ಸೌರವ್ಯೂಹದಲ್ಲಿ ಹೇಗೆ ಬಂದವು ಎಂದರೆ ‘ಫೈರ್‌ಫ್ಲೈ’ ಗ್ರಹಗಳನ್ನೇ ತಿದ್ದಿದರು ಎಂದು ಹೇಳಿ ಮುಂದೆ ಹೋಗುತ್ತದೆ. ಅದನ್ನು ಕಥೆಯ ಸಾಲವೆಂದು ಒಪ್ಪಿಕೊಳ್ಳಬೇಕಷ್ಟೇ. ಹಡಗಿನೊಳಗಿನ ಗುರುತ್ವವೂ ಹಾಗೆಯೇ, ಅದಕ್ಕೆ ವಿವರಣೆಯೇ ಇಲ್ಲ. ‘ಬೀಬಾಪ್’ ಹಡಗಿನಲ್ಲಿ ತಿರುಗುವ ಉಂಗುರವಿದೆ. ತತ್ವ ಸರಿ, ಗಾತ್ರ ಚಿಕ್ಕದು. 25 ಮೀಟರ್ ತ್ರಿಜ್ಯದ ಉಂಗುರದಲ್ಲಿ ಭೂಮಿಯಷ್ಟು ತೂಕ ಬರಬೇಕಾದರೆ ಅದು ನಿಮಿಷಕ್ಕೆ ಆರು ಸುತ್ತು ಹಾಕಬೇಕು, ಹೆಚ್ಚಿನವರಿಗೆ ತಲೆ ತಿರುಗುವ ವೇಗ. ನಿಮಿಷಕ್ಕೆ ಎರಡೇ ಸುತ್ತು ಸಾಕೆಂದರೆ ತ್ರಿಜ್ಯ 220 ಮೀಟರ್ ದಾಟಬೇಕು.

‘ಫೈರ್‌ಫ್ಲೈ’ ತಂತ್ರಜ್ಞಾನವನ್ನು ಮನಸ್ಸಿಗೆ ತಾಕುವಂತೆ ತೋರಿಸಿದ ಕಂತಿನಲ್ಲಿ ಬಂದೂಕಿಗಿಂತ ಒಂದು ಬಿಡಿಭಾಗ ಮುಖ್ಯ. ‘ಔಟ್ ಆಫ್ ಗ್ಯಾಸ್’ ಎಂಬ ಆ ಕಂತಿನಲ್ಲಿ ಎಂಜಿನ್ನಿನ ಸಣ್ಣ ಭಾಗವೊಂದು ಒಡೆದು ಬೆಂಕಿ ಹೊತ್ತುತ್ತದೆ. ಸರಕಿನ ಬಾಗಿಲು ತೆರೆದು ಗಾಳಿಯನ್ನೇ ಹೊರಗೆ ಬಿಟ್ಟು ಬೆಂಕಿ ನಂದಿಸುತ್ತಾರೆ. ಉಳಿದ ಗಾಳಿ ಕೆಲವೇ ಗಂಟೆಗಳಿಗೆ. ಆ ಭಾಗ ಬದಲಿಸಬೇಕೆಂದು ಮೆಕ್ಯಾನಿಕ್ ಕೇಲಿ ಮೊದಲ ಕಂತಿನಲ್ಲೇ ನಾಯಕನಿಗೆ ಹೇಳಿರುತ್ತಾಳೆ, ದುಡ್ಡಿಲ್ಲವೆಂದು ಅವನು ಮುಂದೂಡಿರುತ್ತಾನೆ. ದುರದೃಷ್ಟಕ್ಕೆ ವಾಹಿನಿ ಕಂತುಗಳನ್ನು ಹಿಂದುಮುಂದು ಮಾಡಿ ಪ್ರಸಾರ ಮಾಡಿತು. ‘ಔಟ್ ಆಫ್ ಗ್ಯಾಸ್’ ಬಂದದ್ದು 2002ರ ಅಕ್ಟೋಬರಿನಲ್ಲಿ, ಮೊದಲ ಕಂತು ಬಂದದ್ದು ಡಿಸೆಂಬರಿನಲ್ಲಿ, ಧಾರಾವಾಹಿ ರದ್ದಾದ ಮೇಲೆ. ಎಚ್ಚರಿಕೆಯನ್ನು ನೋಡುಗರು ಕೇಳಿದ್ದು ಅನಾಹುತ ಕಂಡಾದ ನಂತರ. ಅಷ್ಟು ಜತನದಿಂದ ಹೆಣೆದ ಕಾರಣ-ಪರಿಣಾಮ ಹಾಗೆ ವ್ಯರ್ಥವಾದದ್ದು ಇಂದಿಗೂ ಬೇಸರ ತರಿಸುತ್ತದೆ.

ನಿಜಲೋಕದ ನೆರಳು ಆ ಕಂತಿನ ಉದ್ದಕ್ಕೂ ಇದೆ. 1997ರ ಫೆಬ್ರವರಿಯಲ್ಲಿ ರಷ್ಯಾದ ಮೀರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಆಮ್ಲಜನಕ ಉತ್ಪಾದಿಸುವ ರಾಸಾಯನಿಕ ಡಬ್ಬಿಗೆ ಬೆಂಕಿ ಹತ್ತಿತು. ಬಂದೂಕಿನ ಮದ್ದಿನಂತೆ ಅದರ ಆಮ್ಲಜನಕವೂ ಅದರೊಳಗೇ ಇದ್ದುದರಿಂದ ಸುಲಭಕ್ಕೆ ಆರಲಿಲ್ಲ. 1970ರ ಏಪ್ರಿಲ್‌ನಲ್ಲಿ ಅಪೊಲೊ-13ರ ತೊಟ್ಟಿ ಸಿಡಿದಾಗ ಗಗನಯಾತ್ರಿಗಳನ್ನು ಬೆದರಿಸಿದ್ದು ಆಮ್ಲಜನಕದ ಕೊರತೆಗಿಂತ ತಮ್ಮದೇ ಉಸಿರಿನ ಇಂಗಾಲದ ಡೈಆಕ್ಸೈಡ್. ಅದನ್ನು ಹೀರುವ ಡಬ್ಬಿಗಳು ಜೋಡಿಸಿಕೊಂಡಿದ್ದ ಎರಡು ನೌಕೆಗಳಲ್ಲಿ ಒಂದರಲ್ಲಿ ಚೌಕ, ಇನ್ನೊಂದರಲ್ಲಿ ದುಂಡು. ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಟೇಪು ಸೇರಿಸಿ ಹೊಂದಿಸಿದರು. ನೌಕೆಯೊಳಗಿನ ಚಳಿ 3 ಡಿಗ್ರಿಗೆ ಇಳಿದಿತ್ತು. ಧಾರಾವಾಹಿಯ ಹಡಗು ತಣ್ಣಗಾಗುವುದೂ ಹೀಗೆಯೇ, ಯಂತ್ರಗಳು ನಿಂತ ಮೇಲೆ ನಿಧಾನವಾಗಿ.

ಶಬ್ದದ ವಿಷಯದಲ್ಲೂ ‘ಫೈರ್‌ಫ್ಲೈ’ ಪ್ರಾಮಾಣಿಕ. ಹೊರಗಿನ ದೃಶ್ಯಗಳಲ್ಲಿ ಎಂಜಿನ್ ಮೊರೆಯುವುದಿಲ್ಲ, ಸಂಗೀತ ಮಾತ್ರ.

ವೆಸ್ಟರ್ನ್‌ನ ಆಯುಧ, ಟೋಪಿ, ಧೂಳನ್ನು ಇಷ್ಟು ಶ್ರದ್ಧೆಯಿಂದ ಹೊತ್ತು ತಂದವರು ಅಲ್ಲಿನ ಜನರನ್ನು ಹೊತ್ತು ತರಲಿಲ್ಲ. ‘ಫೈರ್‌ಫ್ಲೈ’ಯನ್ನು ಜಾಸ್ ವೀಡನ್ ಕಲ್ಪಿಸಿದ್ದು ಗೆಟ್ಟಿಸ್‌ಬರ್ಗ್ ಕದನದ ಕುರಿತ ಕಾದಂಬರಿಯೊಂದನ್ನು ಓದಿ, ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದವರ ಕಣ್ಣಿಂದ. ಆದರೆ ದಕ್ಷಿಣದವರ ಯುದ್ಧಕ್ಕೆ ಕಾರಣವಾದ ಗುಲಾಮಗಿರಿಯನ್ನು ಧಾರಾವಾಹಿಯ ಬಂಡುಕೋರರ ಬೆನ್ನಿಂದ ಇಳಿಸಲಾಗಿದೆ. ಖಂಡ ದಾಟುವ ರೈಲುಹಳಿಯ ಪಶ್ಚಿಮ ಭಾಗವನ್ನು ಹಾಸಿದವರು ಸಾವಿರಾರು ಚೀನೀ ಕೂಲಿಗಳು. ಧಾರಾವಾಹಿಯಲ್ಲಿ ಪಾತ್ರಗಳು ಚೀನೀ ಭಾಷೆಯಲ್ಲಿ ಬೈಯುತ್ತವೆ, ಒಂಬತ್ತು ಮುಖ್ಯ ನಟರಲ್ಲಿ ಒಬ್ಬರೂ ಆ ಮೂಲದವರಲ್ಲ. ಮೊದಲಿಂದ ಆ ನೆಲದಲ್ಲಿದ್ದವರ ಜಾಗದಲ್ಲಿ ರೀವರ್ಸ್ ಎಂಬ ಮನುಷ್ಯಭಕ್ಷಕರು ಬಂದು ಕೂತಿದ್ದಾರೆ. ಲಿಟಲ್ ಬಿಗ್‌ಹಾರ್ನ್‌ನಲ್ಲಿ ಉತ್ತಮ ಬಂದೂಕು ಯಾರ ಕೈಯಲ್ಲಿತ್ತು ಎಂಬುದನ್ನು ಬಲ್ಲವರಿಗೆ ಈ ಬದಲಾವಣೆ ಚುಚ್ಚುತ್ತದೆ.

ಈ ಕೊರತೆಯನ್ನು ಸ್ವಲ್ಪ ತುಂಬಿದ್ದು ‘ದಿ ಎಕ್ಸ್‌ಪಾನ್ಸ್’ ಧಾರಾವಾಹಿ. 2019ರ ಡಿಸೆಂಬರಿನಲ್ಲಿ ಬಂದ ಅದರ ನಾಲ್ಕನೆಯ ಸರಣಿ ಇಲಸ್ ಎಂಬ ಹೊಸ ಗ್ರಹದಲ್ಲಿ ನಡೆಯುತ್ತದೆ. ಗುರುಗ್ರಹದ ಉಪಗ್ರಹ ಗ್ಯಾನಿಮೀಡ್‌ನಿಂದ ಓಡಿಬಂದ ನಿರಾಶ್ರಿತರು ಮೊದಲೇ ಅಲ್ಲಿ ಬೀಡುಬಿಟ್ಟು ಲಿಥಿಯಂ ಅಗೆಯುತ್ತಿದ್ದಾರೆ, ಭೂಮಿಯ ಕಂಪನಿಯೊಂದು ಸರಕಾರದ ಸನ್ನದು ಹಿಡಿದು ಬಂದು ಇದು ನಮ್ಮ ನೆಲ ಎನ್ನುತ್ತದೆ. ಎರಡೂ ಕಡೆಯವರ ಕೈಯಲ್ಲಿ ಗುಂಡು ಹಾರಿಸುವ ಸಾಮಾನ್ಯ ಬಂದೂಕುಗಳೇ. ಜಗಳದ ನಡುವೆ, ಗ್ರಹದಲ್ಲಿ ಯಾರೋ ಬಿಟ್ಟುಹೋದ ಪುರಾತನ ಯಂತ್ರ ಎಚ್ಚೆತ್ತು ಹಡಗುಗಳಿಗೆ ಶಕ್ತಿ ಕೊಡುವ ಪರಮಾಣು ಸಮ್ಮಿಳನವನ್ನೇ ಸುತ್ತಲೆಲ್ಲ ತಡೆಯುತ್ತದೆ. ಮೇಲೆ ಸುತ್ತುತ್ತಿದ್ದ ಹಡಗುಗಳ ಎಂಜಿನ್ ಸತ್ತು ಬ್ಯಾಟರಿಯ ಮೇಲೆ ಉಳಿಯುತ್ತವೆ, ಕಕ್ಷೆ ದಿನೇದಿನೇ ಕೆಳಗಿಳಿಯುತ್ತದೆ. ಆಗ ಕಥಾನಾಯಕರ ಹಡಗಾದ ರೊಸಿನಾಂಟೆಯವರು ವಿದ್ಯುತ್ ಬಲದಿಂದ ಲೋಹದ ಗುಂಡೆಸೆಯುವ ತಮ್ಮ ರೈಲ್‌ಗನ್ನನ್ನು ಹಿಂದಕ್ಕೆ ತಿರುಗಿಸಿ ಹಾರಿಸುತ್ತಾರೆ. ಪ್ರತಿ ಗುಂಡಿನ ಹಿನ್ನೂಕೂ ಹಡಗನ್ನು, ಅದಕ್ಕೆ ಹಗ್ಗದಿಂದ ಕಟ್ಟಿದ ನಿರಾಶ್ರಿತರ ಹಡಗನ್ನು, ಒಂದಿಷ್ಟು ಮೇಲಕ್ಕೆ ಎತ್ತುತ್ತದೆ.